ತಾಳಿಕೋಟೆಯ ಕಿವಿಗೆ ಇಂಗ್ಲಿಷ್ ನಾಟಕ

ಪ್ರಸಿದ್ಧ ನಾಟಕಗಳ ಸಾರವನ್ನು ಓದಿ ಕೇಳಿಸಿ, ಬಳಿಕ ಪ್ರಶ್ನೆಗಳನ್ನಿಟ್ಟು ಇಂಗ್ಲಿಷನ್ನು ಕಿವಿಯ ಮೂಲಕ ಕಲಿಸುವ ಪದ್ಧತಿಯುಂಟು. ಇದಕ್ಕೆ 'ಹ್ಯಾಮ್ಲೆಟ್'ನಂಥ ನಾಟಕವನ್ನು ಆರಿಸಿದರೆ ತೊಡಕೊಂದು ಹುಟ್ಟುತ್ತದೆ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಯು ತಪ್ಪು ಉತ್ತರ ಕೊಟ್ಟಾಗ, ಅವನಿಗೆ ತಿಳಿಯದುದು ಇಂಗ್ಲಿಷೋ ಡೆನ್ಮಾರ್ಕಿನ ಅರಮನೆಯ ಕಥೆಯೋ ಎಂಬುದನ್ನು ಅಧ್ಯಾಪಕನು ನಿರ್ಣಯಿಸಲಾರನು.

ತಾಳಿಕೋಟೆಯ ವಿದ್ಯಾರ್ಥಿಗೆ ಹತ್ತಿರದ ನಾಟಕವೇ ಇದೆ. 1565ರ ಜನವರಿಯಲ್ಲಿ ವಿಜಯನಗರದ ರಾಮರಾಯನು ದಖ್ಖನಿನ ಸುಲ್ತಾನರೆದುರು ಮಡಿದ ಯುದ್ಧವನ್ನು ಕುರಿತು ಗಿರೀಶ ಕಾರ್ನಾಡರು ಕನ್ನಡದಲ್ಲಿ 'ರಾಕ್ಷಸ-ತಂಗಡಿ'ಯನ್ನೂ (2018) ಇಂಗ್ಲಿಷಿನಲ್ಲಿ 'ಕ್ರಾಸಿಂಗ್ ಟು ತಾಲಿಕೋಟಾ'ವನ್ನೂ (2019) ಬರೆದರು. ಮೊದಲು ಕನ್ನಡದ ಪ್ರಸಂಗವೊಂದನ್ನು ಓದಿಸಿ, ಪುಸ್ತಕ ಮುಚ್ಚಿಸಿ, ಅದೇ ಪ್ರಸಂಗವನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಬೇಕು. ಕಥೆ ಗೊತ್ತಿರುವುದರಿಂದ ಕಿವಿಯು ನುಡಿಯ ಮೇಲೆಯೇ ನಿಲ್ಲುತ್ತದೆ. ಪದಗಳು ಒಂದರೊಳಗೊಂದು ಕರಗುವ ಬಗೆಯನ್ನೂ ಒಂದು ಮಾತು ಏರಿ ಮತ್ತೊಂದು ಇಳಿಯುವುದನ್ನೂ ಗುರುತಿಸುತ್ತದೆ. ತಮ್ಮೂರು 'ತಾಲಿಕೋಟಾ' ಆದುದನ್ನು ಕೇಳಿ ತರಗತಿ ನಕ್ಕರೆ ನಗಲಿ. ಪ್ರಶ್ನೋತ್ತರಗಳು ಮೊದಮೊದಲು ಕನ್ನಡದಲ್ಲಿಯೇ ಇರಬೇಕು. ಇಲ್ಲವಾದರೆ ಪರೀಕ್ಷೆಗೊಳಗಾಗುವುದು ಲೇಖನಿಯೇ ಹೊರತು ಕಿವಿಯಲ್ಲ.

ನಾಟಕದ ಸಂಭಾಷಣೆಯು ಚರಿತ್ರೆಗೆ ಸಾಕ್ಷ್ಯವಲ್ಲವೆಂಬುದನ್ನು ಇತಿಹಾಸದ ಅಧ್ಯಾಪಕನು ಮರೆಯಲಾಗದು. ಆದುದರಿಂದ ರಾಬರ್ಟ್ ಸೂಯೆಲ್ಲನ ವಿಜಯನಗರ ಚರಿತ್ರೆಯಿಂದ (1900) ಈ ಯುದ್ಧದ ಪುಟವನ್ನೂ ಓದಿ ಕೇಳಿಸಿ, ಒಂದೇ ಪ್ರಶ್ನೆ ಹಾಕಬಹುದು: ದಂಡುಗಳು ತಂಗಿದುದೆಲ್ಲಿ, ಕಾದಿದುದೆಲ್ಲಿ? ಗಮನವಿಟ್ಟು ಕೇಳಿದವನು, ತಂಗಿದುದು ತಾಳಿಕೋಟೆಯಲ್ಲಿ, ಕಾದಿದುದು ಕೃಷ್ಣೆಯ ದಕ್ಷಿಣಕ್ಕೆ ಎಂದು ಹೇಳುತ್ತಾನೆ.