ಲಿಬರೇಟರ್ ವಿಮಾನದ ನೀಳ ರೆಕ್ಕೆ

1937ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ತಂತ್ರವಿಜ್ಞಾನ ಸಂಸ್ಥೆಯ ವಾಯುಸುರಂಗದಲ್ಲಿ, ಡೇವಿಡ್ ಡೇವಿಸ್ ಎಂಬಾತನು ರೂಪಿಸಿದ ರೆಕ್ಕೆಯೊಂದರ ಮಾದರಿಯನ್ನು ಪರೀಕ್ಷಿಸಿದರು. ದೊರೆತ ಅಂಕಿಗಳು ಎಷ್ಟು ಅನುಕೂಲವಾಗಿದ್ದುವೆಂದರೆ, ಉಪಕರಣಗಳಲ್ಲೇ ದೋಷವಿರಬೇಕೆಂದು ಶಂಕಿಸಿ ಪ್ರಯೋಗವನ್ನು ಪುನಃ ನಡೆಸಬೇಕಾಯಿತು. ಫಲ ಬದಲಾಗಲಿಲ್ಲ. ಇಂತಹ ರೆಕ್ಕೆಯನ್ನು ಹೊತ್ತು, 1939ರ ಡಿಸೆಂಬರ್ 29ರಂದು ಸ್ಯಾನ್ ಡಿಯೇಗೋದಲ್ಲಿ ಮೊದಲು ಹಾರಿದ ಕನ್ಸಾಲಿಡೇಟೆಡ್ ಕಂಪನಿಯ ಬಾಂಬರ್ ವಿಮಾನವೇ ಬಿ-24. ಲಿಬರೇಟರ್ ಎಂಬುದು ಅದರ ಪ್ರಸಿದ್ಧ ಹೆಸರು.

ರೆಕ್ಕೆಯ ವೈಶಿಷ್ಟ್ಯವೇನು? ಹಾರುವ ವಿಮಾನದ ರೆಕ್ಕೆಯ ಕೆಳಗೆ ಗಾಳಿಯ ಒತ್ತಡ ಹೆಚ್ಚು, ಮೇಲೆ ಕಡಿಮೆ. ಈ ವ್ಯತ್ಯಾಸವೇ ವಿಮಾನವನ್ನು ಎತ್ತಿ ಹಿಡಿಯುತ್ತದೆ. ಆದರೆ ರೆಕ್ಕೆಯ ತುದಿಯಲ್ಲಿ ತಡೆಯಿಲ್ಲ. ಕೆಳಗಿನ ಗಾಳಿ ತುದಿಯನ್ನು ಬಳಸಿ ಮೇಲಕ್ಕೆ ನುಗ್ಗಿ ಸುಳಿಯಾಗುತ್ತದೆ. ಆ ಸುಳಿಯನ್ನು ತಿರುಗಿಸಲು ಬೇಕಾದ ಶಕ್ತಿ ಎಂಜಿನುಗಳಿಂದಲೇ ಬರಬೇಕಷ್ಟೆ! ರೆಕ್ಕೆಯನ್ನು ನೀಳವಾಗಿಯೂ ಕಿರಿದಾಗಿಯೂ ಮಾಡಿದರೆ ಈ ನಷ್ಟ ತಗ್ಗುತ್ತದೆ. ಸಾಗರದ ಮೇಲೆ ದಿನಗಟ್ಟಲೆ ತೇಲುವ ಆಲ್ಬಟ್ರಾಸ್ ಹಕ್ಕಿಯ ರೆಕ್ಕೆ ಅಂತಹುದೇ.

ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಬಹುದು. ಒಂದು ತುದಿಯಿಂದ ಇನ್ನೊಂದು ತುದಿಯವರೆಗಿನ ಉದ್ದದ ವರ್ಗವನ್ನು ರೆಕ್ಕೆಯ ವಿಸ್ತೀರ್ಣದಿಂದ ಭಾಗಿಸಬೇಕು. ಲಿಬರೇಟರಿನ ಉದ್ದ 110 ಅಡಿ, ವಿಸ್ತೀರ್ಣ 1,048 ಚದರಡಿ, ಉತ್ತರ 11.5. ಅದರ ಸಮಕಾಲೀನ ಬಿ-17 ವಿಮಾನಕ್ಕೆ ಸುಮಾರು 104 ಅಡಿ, 1,420 ಚದರಡಿ. ಉತ್ತರ ಕೇವಲ 7.6. ಡೇವಿಸನ ರೆಕ್ಕೆಯ ಒಳಿತಿನಲ್ಲಿ ಬಹುಪಾಲು ಈ ಅನುಪಾತದಿಂದಲೇ ಬಂದಿತೆಂದು ಈಗ ತೋರುತ್ತದೆ. ವಾಯುಸುರಂಗದ ನುಣುಪು ಮಾದರಿಯಲ್ಲಿ ಕಂಡ ಗುಣ, ರಿವೆಟ್ಟು ಮತ್ತು ಧೂಳುಗಳಿಂದ ಕೂಡಿದ ನಿಜವಾದ ರೆಕ್ಕೆಯಲ್ಲಿ ಪೂರ್ತಿಯಾಗಿ ಉಳಿಯಲಿಲ್ಲ.

ಇದಕ್ಕೆ ತೆತ್ತ ಬೆಲೆಯೂ ಉಂಟು. ಎರಡು ವಿಮಾನಗಳ ತೂಕವೂ 55,000 ಪೌಂಡುಗಳೆಂದು ಇಟ್ಟುಕೊಳ್ಳೋಣ. ಬಿ-17ರಲ್ಲಿ ಪ್ರತಿ ಚದರಡಿಯ ಮೇಲೆ 39 ಪೌಂಡು ಹೊರೆ, ಲಿಬರೇಟರಿನಲ್ಲಿ 52. ಆದುದರಿಂದ ತೆಳುಗಾಳಿಯ ಎತ್ತರದಲ್ಲಿ ಅದನ್ನು ನಡೆಸುವುದು ಪ್ರಯಾಸಕರವಾಗಿತ್ತು. ಇನ್ನೂ ಘೋರವಾದುದು ಕಡಲಿನಲ್ಲಿ ಇಳಿಯಬೇಕಾಗಿ ಬಂದ ಸಂದರ್ಭ. ಬಾಂಬುಕೋಣೆಯ ಬಾಗಿಲುಗಳು ಅಂಗಡಿಯ ಷಟರಿನಂತೆ ಪಕ್ಕಕ್ಕೆ ಸುತ್ತಿಕೊಳ್ಳುತ್ತಿದ್ದುವು. ತೆರೆದಾಗ ಗಾಳಿಗೆ ಅಡ್ಡ ನಿಲ್ಲದಿರುವುದೇ ಅದರ ಉದ್ದೇಶ. ನೀರಿನ ಹೊಡೆತಕ್ಕೆ ಆ ತೆಳು ಬಾಗಿಲುಗಳು ಮುರಿದುಬೀಳುತ್ತಿದ್ದುವು. ರೆಕ್ಕೆಗಳೂ ಒಡಲಿನ ಮೇಲ್ಭಾಗದಲ್ಲಿದ್ದುದರಿಂದ ವಿಮಾನವನ್ನು ತೇಲಿಸಿ ಹಿಡಿಯಲು ಅವುಗಳ ನೆರವು ಸಿಕ್ಕುತ್ತಿರಲಿಲ್ಲ. ಸಿಬ್ಬಂದಿಯಲ್ಲಿ ಅನೇಕರು ಹೀಗೆ ಮುಳುಗಿದರು.

ವಿಪರ್ಯಾಸವೆಂದರೆ, ಈ ವಿಮಾನವು ಅತ್ಯಂತ ನಿರ್ಣಾಯಕವಾದುದು ಕಡಲಿನ ಮೇಲೆಯೇ. ಉತ್ತರ ಅಟ್ಲಾಂಟಿಕ್ ಸಾಗರದ ನಡುವೆ, ದಡದಿಂದ ಹೊರಟ ಯಾವ ವಿಮಾನವೂ ತಲುಪಲಾರದ ಭಾಗವೊಂದಿತ್ತು. ಜರ್ಮನಿಯ ಜಲಾಂತರ್ಗಾಮಿಗಳು ಸರಕುಹಡಗುಗಳನ್ನು ಅಲ್ಲಿ ನಿರ್ಭಯವಾಗಿ ಬೇಟೆಯಾಡುತ್ತಿದ್ದುವು. ಹೆಚ್ಚು ಪೆಟ್ರೋಲ್ ತುಂಬಿದ ಲಿಬರೇಟರುಗಳು 1943ರ ವಸಂತದಲ್ಲಿ ಈ ಕಂದರವನ್ನು ಮುಚ್ಚಿದುವು. ಬೆಂಗಾವಲು ಹಡಗುಗಳು, ರೇಡಾರ್, ಗುಪ್ತಲಿಪಿಯ ಭೇದನ ಇವೂ ಸೇರಿ, ಅದೇ ಮೇ ತಿಂಗಳಲ್ಲಿ ಜರ್ಮನಿಯು ತನ್ನ ಜಲಾಂತರ್ಗಾಮಿಗಳನ್ನು ಅಲ್ಲಿಂದ ಹಿಂದೆಗೆಯಿತು. ಅದೇ ವರ್ಷದ ಆಗಸ್ಟ್ 1ರಂದು ರುಮೇನಿಯದ ಪ್ಲೊಯೆಷ್ಟಿ ತೈಲಾಗಾರಗಳ ಮೇಲೆ ಕೆಳಹಾರಾಟದಲ್ಲಿ ಧಾಳಿಯಿಟ್ಟ ಲಿಬರೇಟರುಗಳಲ್ಲಿ 50ಕ್ಕೂ ಹೆಚ್ಚು ನಾಶವಾದುವು.

ಒಟ್ಟು 18,000ಕ್ಕೂ ಮೀರಿ ತಯಾರಾದ ಈ ವಿಮಾನದ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾತ್ರವಿದೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಉಳಿದ ಲಿಬರೇಟರುಗಳನ್ನು ಮತ್ತೆ ಹಾರದಂತೆ ಬುದ್ಧಿಪೂರ್ವಕವಾಗಿ ಕೆಡಿಸಿ ಬಿಟ್ಟುಹೋಗಿದ್ದರು. 1948ರಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಆ ಗುಜರಿಯೊಳಗಿಂದ ಸುಮಾರು 40 ವಿಮಾನಗಳನ್ನು ಆಯ್ದು, ಹಾರಲು ಎಷ್ಟು ಬೇಕೋ ಅಷ್ಟೇ ರಿಪೇರಿ ಮಾಡಿ, ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದು ಸಂಪೂರ್ಣವಾಗಿ ಸಜ್ಜುಗೊಳಿಸಿದರು. ಅವನ್ನು ಕಾನ್ಪುರದಿಂದ ಹಾರಿಸಿ ತಂದ ಚಾಲಕರ ಧೈರ್ಯವನ್ನು ನಾನು ಯುದ್ಧದ ಸಾಹಸಗಳಿಗಿಂತ ಕಡಿಮೆಯೆಂದು ಎಣಿಸಲಾರೆ. ಭಾರತೀಯ ವಾಯುಪಡೆಯು ಈ ವಿಮಾನಗಳನ್ನು ಮೊದಲು ಬಾಂಬರುಗಳಾಗಿಯೂ, ಅನಂತರ ಸಮುದ್ರದ ಕಾವಲಿಗಾಗಿಯೂ 1968ರವರೆಗೆ ಬಳಸಿತು. ಅವುಗಳಲ್ಲಿ ಒಂದನ್ನು ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ಸಂಗ್ರಹಾಲಯದಲ್ಲಿ ಇರಿಸಲಾಯಿತು.