ಆಫರ್‌ಗಿಂತ ಮೊದಲು ಸ್ಟಿಕ್ಕರ್ ಓದಿ

ಪಿತೃಪಕ್ಷ ಕಳೆದು ನವರಾತ್ರಿ ಹತ್ತಿರವಾಗುತ್ತಿದ್ದಂತೆ ಪತ್ರಿಕೆಗಳ ಮುಖಪುಟವನ್ನು ಜಾಹೀರಾತುಗಳೇ ಮುಚ್ಚಿಬಿಡುತ್ತವೆ. ಫ್ರಿಜ್‌ಗೆ ಶೇ 40, ಟಿ.ವಿ.ಗೆ ಶೇ 60 ರಿಯಾಯಿತಿ. ಹಳೇ ವಾಷಿಂಗ್ ಮೆಷಿನ್ ಕೊಟ್ಟರೆ ಇನ್ನಷ್ಟು. ಆಯುಧಪೂಜೆಗೆ ಮನೆಗೊಂದು ಹೊಸ ವಸ್ತು ಬರಲಿ ಎಂಬ ಆಸೆಯೂ ಬೋನಸ್ ಕೈಸೇರುವ ಕಾಲವೂ ಒಟ್ಟಿಗೇ ಬರುವುದರಿಂದ, ಹತ್ತು ವರ್ಷ ಬಳಸಬೇಕಾದ ವಸ್ತುವನ್ನು ಹತ್ತು ನಿಮಿಷದಲ್ಲಿ ಆರಿಸಿಬಿಡುತ್ತೇವೆ. ಹಣ ಸೋರುವುದು ಈ ಅವಸರದಲ್ಲೇ.

ಈ ಹಬ್ಬದ ಆನ್‌ಲೈನ್ ಸೇಲ್ ಭರಾಟೆಗೆ ನಮ್ಮ ಬೆಂಗಳೂರಿನ ನಂಟಿದೆ. 2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್ ‘ಬಿಗ್ ಬಿಲಿಯನ್ ಡೇ’ ಹೆಸರಿನಲ್ಲಿ ಒಂದು ದಿನದ ಮಾರಾಟ ನಡೆಸಿತು. ಜನ ಮುಗಿಬಿದ್ದರು, ವೆಬ್‌ಸೈಟ್ ತತ್ತರಿಸಿತು, ಎಷ್ಟೋ ವಸ್ತುಗಳ ದಾಸ್ತಾನು ಬೇಗನೆ ಮುಗಿಯಿತು. ಸೇಲ್‌ಗೆ ಮುನ್ನ ಬೆಲೆ ಏರಿಸಿ ಆಮೇಲೆ ಇಳಿಸಿದ್ದಾರೆಂಬ ದೂರುಗಳೂ ಬಂದವು. ಸಂಸ್ಥಾಪಕರಾದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಗ್ರಾಹಕರಿಗೆ ಇ-ಮೇಲ್ ಬರೆದು ಕ್ಷಮೆ ಕೇಳಿದರು. ವ್ಯವಸ್ಥೆ ಅಂದಿಗಿಂತ ಬಹಳ ಸುಧಾರಿಸಿದೆ. ಆದರೆ ಅಂದು ಎದ್ದ ಪ್ರಶ್ನೆ ಮಾತ್ರ ಇಂದಿಗೂ ಕೇಳಬೇಕಾದದ್ದೇ: ಈ ರಿಯಾಯಿತಿ ಯಾವ ಬೆಲೆಯ ಮೇಲೆ?

ಜಾಹೀರಾತಿನ ಶೇಕಡಾವಾರು ಲೆಕ್ಕ ಸಾಮಾನ್ಯವಾಗಿ ಎಂಆರ್‌ಪಿ ಮೇಲೆ. ಎಂಆರ್‌ಪಿ ಎಂದರೆ ಅದಕ್ಕಿಂತ ಹೆಚ್ಚಿಗೆ ಮಾರಬಾರದೆಂಬ ಮಿತಿ. ಅದನ್ನು ನಿಗದಿ ಮಾಡುವುದು ಕಂಪನಿಯೇ. ಟಿ.ವಿ., ಎ.ಸಿ.ಗಳನ್ನು ವರ್ಷದ ಯಾವ ದಿನವೂ ಆ ಬೆಲೆಗೆ ಕೊಳ್ಳುವವರು ವಿರಳ. ಆದ್ದರಿಂದ ಶೇಕಡಾ ಎಷ್ಟು ಎಂಬುದನ್ನು ಬದಿಗಿಟ್ಟು, ಅದೇ ಮಾಡೆಲ್ ಕಳೆದ ಎರಡು-ಮೂರು ತಿಂಗಳಲ್ಲಿ ಎಷ್ಟಕ್ಕೆ ಹೋಗುತ್ತಿತ್ತು ಎಂದು ನೋಡಬೇಕು. ಆನ್‌ಲೈನ್ ಬೆಲೆಯ ಏರಿಳಿತವನ್ನು ಗೆರೆ ಎಳೆದು ತೋರಿಸುವ ಉಚಿತ ತಾಣಗಳಿವೆ. ಅದೂ ಬೇಡವೆಂದರೆ ಸೇಲ್‌ಗೆ ತಿಂಗಳ ಮುಂಚೆ ಮಾಡೆಲ್ ಸಂಖ್ಯೆ ಮತ್ತು ಬೆಲೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೂ ಸಾಕು. ತೆರಿಗೆಯ ವಿಷಯವೂ ಇಲ್ಲಿ ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ ಎ.ಸಿ., ಡಿಶ್‌ವಾಷರ್ ಮತ್ತು 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಒಟ್ಟು ಬೆಲೆಯಲ್ಲಿ ಇದು ಸುಮಾರು ಶೇ 7.8ರ ಇಳಿಕೆ. ಅದಕ್ಕೂ ಹಿಂದಿನ ಬೆಲೆಗೆ ಹೋಲಿಸಿ ‘ಇಷ್ಟು ಉಳಿತಾಯ’ ಎಂದರೆ, ಅದರಲ್ಲಿ ಒಂದು ಪಾಲು ಸರ್ಕಾರ ಬಿಟ್ಟುಕೊಟ್ಟ ತೆರಿಗೆ, ಅಂಗಡಿಯ ಔದಾರ್ಯವಲ್ಲ. ಫ್ರಿಜ್ ಮತ್ತು ವಾಷಿಂಗ್ ಮೆಷಿನ್‌ಗಳು 2018ರ ಜುಲೈನಲ್ಲೇ ಶೇ 18ಕ್ಕೆ ಇಳಿದಿದ್ದವು.

ಇನ್ನು ಸ್ಟಿಕ್ಕರ್. ಹತ್ತಿರ ನಿಂತು ಪೂರ್ತಿ ಓದಬೇಕಾದದ್ದು ಇದನ್ನೇ. ಫ್ರಿಜ್, ಎ.ಸಿ.ಗಳ ಮೇಲೆ ಬಿಇಇ, ಅಂದರೆ ಕೇಂದ್ರದ ಇಂಧನ ದಕ್ಷತಾ ಬ್ಯೂರೊದ ಪಟ್ಟಿ ಅಂಟಿಸಿರುತ್ತಾರೆ. ಹೆಚ್ಚಿನವರು ನಕ್ಷತ್ರ ಎಣಿಸಿ ಸುಮ್ಮನಾಗುತ್ತಾರೆ. ಅದರ ಕೆಳಗೆ ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟ್ ಎಂದು ಬರೆದಿರುತ್ತದೆ. ನಮಗೆ ಬೇಕಾದ ಅಂಕಿ ಅದು. ಒಂದೇ ಬಾಗಿಲಿನ ಡೈರೆಕ್ಟ್ ಕೂಲ್ ಫ್ರಿಜ್‌ಗೂ ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್‌ಗೂ ನಕ್ಷತ್ರದ ಅಳತೆಗೋಲು ಬೇರೆ ಬೇರೆ. ಎರಡರ ಮೇಲೂ ಮೂರೇ ನಕ್ಷತ್ರವಿದ್ದರೂ ಫ್ರಾಸ್ಟ್ ಫ್ರೀ ಸಾಮಾನ್ಯವಾಗಿ ಹೆಚ್ಚು ಕರೆಂಟ್ ತಿನ್ನುತ್ತದೆ. ಪಟ್ಟಿಯಲ್ಲಿ ಅದರ ಅವಧಿಯೂ ನಮೂದಾಗಿರುತ್ತದೆ. ಬ್ಯೂರೊ ಆಗಾಗ ಮಾನದಂಡ ಬಿಗಿಗೊಳಿಸುವುದರಿಂದ ನಿನ್ನೆಯ 5 ಸ್ಟಾರ್ ಇಂದು 4 ಸ್ಟಾರ್ ಆಗಬಹುದು. 2026ರ ಜನವರಿ 1ರಿಂದ ಎ.ಸಿ., ಫ್ರಿಜ್‌ಗಳಿಗೆ ಹೊಸ ಮಾನದಂಡ ಜಾರಿಗೆ ಬಂದಿದೆ. ಹಳೇ ದಾಸ್ತಾನಿನ 5 ಸ್ಟಾರ್ ಎ.ಸಿ. ಕಡಿಮೆ ಬೆಲೆಗೆ ಸಿಕ್ಕರೆ ಅದು ಕೆಟ್ಟ ವ್ಯಾಪಾರವೇನಲ್ಲ. ಆದರೆ ಹೊಸ 5 ಸ್ಟಾರ್‌ನ ಬೆಲೆ ತೆತ್ತು ಅದನ್ನು ತರಬಾರದು. ಡಬ್ಬದ ಮೇಲೆ ತಯಾರಾದ ತಿಂಗಳು, ವರ್ಷ ಇರುತ್ತದೆ, ಅದನ್ನೂ ನೋಡಿ.

ಹಾಗಾದರೆ ಹೆಚ್ಚು ಸ್ಟಾರ್ ಇರುವುದನ್ನೇ ಕೊಳ್ಳಬೇಕೆ? ಅದು ನೀವಿರುವ ಊರಿನ ಮೇಲೆ ನಿಂತಿದೆ. ಎ.ಸಿ. ಪಟ್ಟಿಯ ಯೂನಿಟ್ ಲೆಕ್ಕ ವರ್ಷಕ್ಕೆ 1600 ಗಂಟೆ ಓಡುತ್ತದೆಂಬ ಊಹೆಯ ಮೇಲಿದೆ. ಒಂದೂವರೆ ಟನ್ನಿನ 3 ಸ್ಟಾರ್‌ಗೂ 5 ಸ್ಟಾರ್‌ಗೂ ನಡುವಿನ ವ್ಯತ್ಯಾಸ ವರ್ಷಕ್ಕೆ 200 ಯೂನಿಟ್ ಎಂದುಕೊಳ್ಳೋಣ. ಯೂನಿಟ್‌ಗೆ 6 ರೂಪಾಯಿಯಂತೆ 1,200 ರೂಪಾಯಿ. ಕಲಬುರಗಿ, ರಾಯಚೂರಿನಲ್ಲಿ ನಾಲ್ಕು ತಿಂಗಳು ದಿನಕ್ಕೆ ಹನ್ನೆರಡು ಗಂಟೆ ಓಡಿಸುವ ಮನೆಗೆ ಈ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಅಲ್ಲಿ 5 ಸ್ಟಾರ್‌ಗೆ ಏಳೆಂಟು ಸಾವಿರ ಹೆಚ್ಚು ಕೊಟ್ಟರೂ ಅದರ ಆಯುಷ್ಯದೊಳಗೆ ಹಣ ವಾಪಸ್ಸು ಬರುತ್ತದೆ. ಬೆಂಗಳೂರಿನಲ್ಲಿ ಮಾರ್ಚ್-ಏಪ್ರಿಲ್‌ನ ರಾತ್ರಿ ಮಾತ್ರ ಆರು ಗಂಟೆ ಹಾಕುವವರಿಗೆ ವರ್ಷದ ಉಳಿತಾಯ 300 ರೂಪಾಯಿಯನ್ನೂ ಮುಟ್ಟುವುದಿಲ್ಲ. ಅವರಿಗೆ 3 ಸ್ಟಾರ್ ಧಾರಾಳ ಸಾಕು.

ಅದೇ ಮನೆಯವರು ಫ್ಯಾನ್ ಬದಲಿಸಿದರೆ ಹೆಚ್ಚು ಉಳಿಯುತ್ತದೆ. ಹಳೇ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್ ಎಳೆದರೆ ಬಿಎಲ್‌ಡಿಸಿ ಫ್ಯಾನ್ 30 ವಾಟ್ ಆಸುಪಾಸಿನಲ್ಲಿ ತಿರುಗುತ್ತದೆ. ದಿನಕ್ಕೆ ಹನ್ನೆರಡು ಗಂಟೆಯಂತೆ ವರ್ಷವಿಡೀ ತಿರುಗಿದರೆ ಒಂದು ಫ್ಯಾನಿನಲ್ಲೇ 200 ಯೂನಿಟ್ ಹತ್ತಿರ ಉಳಿತಾಯ. ಸೇಲ್ ಜಾಹೀರಾತಿನಲ್ಲಿ ಫ್ಯಾನಿಗೆ ದೊಡ್ಡ ಜಾಗ ಸಿಗುವುದಿಲ್ಲ. ನನ್ನನ್ನು ಕೇಳಿದರೆ ಹಬ್ಬದ ಸೇಲ್‌ನಲ್ಲಿ ಮಧ್ಯಮ ವರ್ಗದ ಮನೆ ಮೊದಲು ಕೊಳ್ಳಬೇಕಾದದ್ದು ಅದನ್ನೇ.

ಕರ್ನಾಟಕದವರಿಗೆ ಇನ್ನೊಂದು ಲೆಕ್ಕವೂ ಇದೆ. ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ಯೂನಿಟ್ ನಿಗದಿಯಾಗಿರುವುದು ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ. ಅದನ್ನು ಮೀರಿದಷ್ಟಕ್ಕೆ ಹಣ ಕಟ್ಟಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ನಮ್ಮ ಮೇಲೆ. ಈಗಾಗಲೇ 170-180 ಯೂನಿಟ್ ಬಳಸುವ ಮನೆಗೆ ದೊಡ್ಡ ಫ್ರಿಜ್ಜೋ ಎ.ಸಿ.ಯೋ ಬಂದರೆ ಆ ಗೆರೆ ದಾಟುವುದು ಸುಲಭ. ಅಂಥವರಿಗೆ ಪಟ್ಟಿಯಲ್ಲಿರುವ ಯೂನಿಟ್ ಸಂಖ್ಯೆ ಸೇಲ್‌ನ ರಿಯಾಯಿತಿಗಿಂತ ಮುಖ್ಯ. ಕೊಳ್ಳುವ ಮುನ್ನ ಕಳೆದ ಕೆಲವು ತಿಂಗಳ ಕರೆಂಟ್ ಬಿಲ್ಲು ತೆಗೆದು ನೋಡಿ.

ಯಾವಾಗ ಕೊಳ್ಳಬೇಕೆಂಬುದಕ್ಕೆ ಒಂದೇ ಉತ್ತರವಿಲ್ಲ. ಮೊಬೈಲ್, ಟಿ.ವಿ., ಲ್ಯಾಪ್‌ಟಾಪ್‌ಗೆ ದಸರೆ-ದೀಪಾವಳಿ ಒಳ್ಳೆಯ ಕಾಲ, ಬ್ಯಾಂಕ್ ಕಾರ್ಡಿನ ರಿಯಾಯಿತಿಗಳೂ ಆಗಲೇ ಜೋರು. ಎ.ಸಿ.ಯನ್ನು ಬೇಸಿಗೆಯಲ್ಲಿ ಕೊಳ್ಳಬೇಡಿ, ಮಳೆ ಶುರುವಾದ ಮೇಲೆ ಅಥವಾ ಚಳಿಗಾಲದಲ್ಲಿ ಹೋಗಿ. ಆಷಾಢದಲ್ಲಿ ಶುಭಕಾರ್ಯವಿಲ್ಲ, ವ್ಯಾಪಾರ ಮಂದ. ಅದಕ್ಕೇ ನಮ್ಮೂರಿನ ಅಂಗಡಿಗಳು ಆಷಾಢ ಸೇಲ್ ಇಡುತ್ತವೆ. ನೂಕುನುಗ್ಗಲಿಲ್ಲದ ಆ ದಿನಗಳಲ್ಲಿ ಕೂತು ಮಾತಾಡಲು ಮಾಲೀಕನಿಗೂ ವ್ಯವಧಾನವಿರುತ್ತದೆ.

ಮಾತಾಡುವುದು ಯಾರ ಹತ್ತಿರ ಎಂಬುದೂ ಮುಖ್ಯ. ದೊಡ್ಡ ಅಂಗಡಿಗಳಲ್ಲಿ ಫ್ರಿಜ್ಜಿನ ಪಕ್ಕ ಟಿ-ಶರ್ಟ್ ಹಾಕಿ ನಿಂತ ಹುಡುಗ ಅನೇಕ ವೇಳೆ ಆ ಬ್ರ್ಯಾಂಡ್ ಕಳಿಸಿದ ಪ್ರತಿನಿಧಿ. ವಸ್ತುವಿನ ವಿವರ ಅವನಿಂದ ಕೇಳಿ ತಿಳಿದುಕೊಳ್ಳಿ, ಬೆಲೆಯ ಮಾತನ್ನು ಮಾತ್ರ ಮ್ಯಾನೇಜರ್ ಬಳಿ ಆಡಿ. ‘ಆನ್‌ಲೈನಲ್ಲಿ ಇಷ್ಟಿದೆ ಸರ್, ನಿಮ್ಮ ಕೊನೇ ರೇಟ್ ಹೇಳಿ’ ಎಂದು ಮೊಬೈಲ್ ತೋರಿಸಿ ಕೇಳುವುದಕ್ಕೆ ಸಂಕೋಚ ಬೇಡ. ಕೊಡುಗೆಯಾಗಿ ಬರುವ ಬ್ಯಾಗು, ಡಿನ್ನರ್ ಸೆಟ್ ಬೇಡ, ಅದರ ಬದಲು ಬೆಲೆ ಇಳಿಸಿ ಎನ್ನಬಹುದು. ಎಕ್ಸ್‌ಚೇಂಜ್ ಇದ್ದರೆ ಮೊದಲು ಹಳೇ ವಸ್ತುವಿನ ಸುದ್ದಿಯನ್ನೇ ಎತ್ತದೆ ಹೊಸದರ ಬೆಲೆ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಹಳೆಯದಕ್ಕೆ ಎಷ್ಟು ಎಂದು ಕೇಳಿ. ಡಿಸ್‌ಪ್ಲೇ ಪೀಸ್ ಅಗ್ಗಕ್ಕೆ ಕೊಡುತ್ತೇವೆಂದರೆ, ಅಂಗಡಿಯಲ್ಲಿ ಓಡದೇ ಸುಮ್ಮನೆ ನಿಂತಿದ್ದ ವಾಷಿಂಗ್ ಮೆಷಿನನ್ನು ಧೈರ್ಯವಾಗಿ ಒಪ್ಪಬಹುದು. ದಿನವಿಡೀ ಪೂರ್ಣ ಪ್ರಕಾಶದಲ್ಲಿ ಉರಿದ ಟಿ.ವಿ. ಖಂಡಿತ ಬೇಡ.

ಟಿ.ವಿ. ವಿಷಯದಲ್ಲಿ ಮಾಡೆಲ್ ಸಂಖ್ಯೆಯ ಕೊನೆಯ ಅಕ್ಷರದವರೆಗೂ ಹೋಲಿಸಿ. ನೋಡಲು ಒಂದೇ ತೆರನಾದ, ಸೇಲ್‌ಗೆಂದೇ ಅಥವಾ ಆನ್‌ಲೈನ್‌ಗೆಂದೇ ಬರುವ ಮಾಡೆಲ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್, ಸ್ಪೀಕರ್, ಪರದೆಯ ಬೆಳಕು ಕಡಿಮೆ ಇರಬಹುದು.

‘ನೋ ಕಾಸ್ಟ್ ಇಎಂಐ’ ಎಂಬುದಕ್ಕೂ ವೆಚ್ಚವಿದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಈಗ ನಡೆಯುವುದೇನೆಂದರೆ, ಬಡ್ಡಿಯಷ್ಟು ಮೊತ್ತವನ್ನು ಮೊದಲೇ ರಿಯಾಯಿತಿಯಾಗಿ ಕಳೆದು, ಆಮೇಲೆ ಬ್ಯಾಂಕ್ ಬಡ್ಡಿ ಹಾಕುತ್ತದೆ. 60,000 ರೂಪಾಯಿಯ ಟಿ.ವಿ.ಯನ್ನು ಶೇ 16ರ ಬಡ್ಡಿಯಲ್ಲಿ ಆರು ಕಂತು ಮಾಡಿದರೆ ಬಡ್ಡಿ ಸುಮಾರು 2,700 ರೂಪಾಯಿ. ಅದು ರಿಯಾಯಿತಿಯಲ್ಲಿ ವಜಾ ಆದರೂ, ಕ್ರೆಡಿಟ್ ಕಾರ್ಡ್ ಕಂತಿನಲ್ಲಿ ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ಸುಮಾರು 490 ರೂಪಾಯಿ ನಿಮ್ಮದೇ, ಪ್ರೊಸೆಸಿಂಗ್ ಶುಲ್ಕ ಬೇರೆ. ಅಗತ್ಯವಿದ್ದವರಿಗೆ ಇದು ದೊಡ್ಡ ಹೊರೆಯಲ್ಲ. ಆದರೆ ಒಂದೇ ಸಲ ಹಣ ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತೀರಿ ಎಂದು ಕೇಳದೆ ಕಂತಿಗೆ ಒಪ್ಪಬೇಡಿ.

ಬಿಲ್ಲಿನ ಆಚೆಗಿನ ಖರ್ಚುಗಳನ್ನೂ ಮೊದಲೇ ಕೂಡಿಸಿಕೊಳ್ಳಬೇಕು. ಎ.ಸಿ.ಗೆ ಅಳವಡಿಕೆ, ಹೊರಗಿನ ಘಟಕದ ಸ್ಟ್ಯಾಂಡ್, ಹೆಚ್ಚುವರಿ ತಾಮ್ರದ ಪೈಪು. ಬೋರ್‌ವೆಲ್ ನೀರಿನ ಮನೆಗಳಲ್ಲಿ ವಾಷಿಂಗ್ ಮೆಷಿನ್, ಗೀಸರ್‌ಗಳಿಗೆ ಗಡಸು ನೀರಿನ ಕಾಟ. ‘10 ವರ್ಷ ವಾರಂಟಿ’ ಎಂಬುದು ಸಾಮಾನ್ಯವಾಗಿ ಕಂಪ್ರೆಸರಿಗೋ ಮೋಟರಿಗೋ ಮಾತ್ರ. ಉಳಿದ ಭಾಗಗಳಿಗೆ ಹೆಚ್ಚಾಗಿ ಒಂದೇ ವರ್ಷ, ಗ್ಯಾಸು, ಕೂಲಿ ಪ್ರತ್ಯೇಕ. ಎಲ್ಲಕ್ಕಿಂತ ಮುಖ್ಯವಾಗಿ, ಸಿರ್ಸಿಯಲ್ಲೋ ಸಾಗರದಲ್ಲೋ ಇರುವವರು ಆ ಬ್ರ್ಯಾಂಡಿನ ಸರ್ವಿಸ್ ಸೆಂಟರ್ ಎಲ್ಲಿದೆ ಎಂದು ವಿಚಾರಿಸದೆ ಹಣ ಕೊಡಲೇಬಾರದು. ಮೆಕ್ಯಾನಿಕ್ ಶಿವಮೊಗ್ಗದಿಂದಲೋ ಹುಬ್ಬಳ್ಳಿಯಿಂದಲೋ ಬರಬೇಕಾದರೆ ಎರಡು ಸಾವಿರದ ರಿಯಾಯಿತಿ ಒಂದೇ ರಿಪೇರಿಗೆ ಕರಗುತ್ತದೆ. ಊರಿನ ಪರಿಚಿತ ಅಂಗಡಿಯಲ್ಲಿ ಸಾವಿರ ಹೆಚ್ಚು ಕೊಟ್ಟರೂ ಅಂಥ ಕಡೆ ಅದೇ ಲಾಭದ ವ್ಯಾಪಾರ.

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಭಾಗಗಳನ್ನು ಕೊಳ್ಳುವವರು ವಾರಂಟಿ ಕಂಪನಿಯದೋ ಅಂಗಡಿಯದೋ ಎಂದು ಕೇಳಿ, ಸೀರಿಯಲ್ ಸಂಖ್ಯೆ ಬರೆದ ಜಿಎಸ್‌ಟಿ ಬಿಲ್ ಪಡೆಯಲೇಬೇಕು. ‘ಬಿಲ್ ಬೇಡ ಅಂದ್ರೆ ಇನ್ನೂ ಕಡಿಮೆ’ ಎಂಬ ಮಾತು ಎಲ್ಲಿ ಕೇಳಿದರೂ ಒಪ್ಪಬೇಡಿ. ಬಿಲ್ಲಿಲ್ಲದೆ ವಾರಂಟಿ ಕೇಳುವುದು ಕಷ್ಟ, ದೂರು ಗೆಲ್ಲುವುದು ಇನ್ನೂ ಕಷ್ಟ. ಆನ್‌ಲೈನ್ ಡಬ್ಬ ಬಿಚ್ಚುವಾಗ ವಿಡಿಯೊ ಮಾಡಿಟ್ಟುಕೊಳ್ಳಿ.

‘ಇನ್ನೆರಡೇ ಉಳಿದಿವೆ, ಐದು ನಿಮಿಷದಲ್ಲಿ ಆಫರ್ ಮುಕ್ತಾಯ’ ಎಂದು ಸುಳ್ಳೇ ಅವಸರಪಡಿಸುವುದು, ಕೇಳದೆಯೇ ಬುಟ್ಟಿಗೆ ವಿಮೆ ಸೇರಿಸುವುದು, ಕೊನೆಯ ಹಂತದಲ್ಲಿ ಶುಲ್ಕ ತೂರಿಸುವುದು ಇವೆಲ್ಲ 2023ರ ನವೆಂಬರ್ 30ರಂದು ಕೇಂದ್ರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ನಿಷಿದ್ಧ. ಹೀಗಾದಾಗ ಪರದೆಯ ಚಿತ್ರ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ, 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ಸಹಾಯವಾಣಿಯ ಸಂಖ್ಯೆ 1915. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.