ಹಿರೇಗುಡ್ಡದ ಮೇಲೊಂದು ಹಡಗು

ಬಳ್ಳಾರಿ ಬಳಿಯ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಕೆಲವು ಬಂಡೆಗಳ ಮೈಮೇಲೆ ಉದ್ದುದ್ದ ತಗ್ಗುಗಳಿವೆ. ಎರಡೂ ತುದಿ ಚೂಪು, ನಡು ಅಗಲ, ಥೇಟ್ ದೋಣಿಯ ಆಕಾರ. ಒಳಗೆ ಬೆರಳಾಡಿಸಿದರೆ ಅಜ್ಜಿ ಕಾಲದ ಒಳಕಲ್ಲಿನಷ್ಟು ನುಣುಪು. ನವಶಿಲಾಯುಗದ ಮಂದಿ ಕಲ್ಲಿನ ಕೊಡಲಿ ಉಜ್ಜಿ ಉಜ್ಜಿ ಸವೆಸಿದ ಜಾಗ ಇದು. ಅಂಥದ್ದೊಂದು ತಗ್ಗಿನಲ್ಲಿ ನೀರಿನ ಬಾಟಲಿ ಮಲಗಿಸಿ, ನನ್ನ ಅಕ್ಕನ ಮಗ ಮೊಬೈಲ್ ಮುಂದೆ ಹಿಡಿದ.

"ನೋಡು ಮಾಮ, ಹಡಗು."

ನನಗೆ ಹಡಗು ಕಾಣಲಿಲ್ಲ. ಜಾತ್ರೆ, ಲಾಡ್ಜು, ವಾಟರ್ ಪಾರ್ಕು ಮೂರನ್ನೂ ಒಂದರ ಮೇಲೊಂದು ಪೇರಿಸಿ ನೀರಿಗೆ ತಳ್ಳಿದಂತಿತ್ತು. ಹೆಸರು 'ಐಕಾನ್ ಆಫ್ ದಿ ಸೀಸ್'. 20 ಅಂತಸ್ತು, 7 ಈಜುಕೊಳ, 6 ನೀರಿನ ಜಾರುಬಂಡೆ. ಉದ್ದ ಸುಮಾರು 365 ಮೀಟರ್. ನಮ್ಮ ಹಂಪಿ ಎಕ್ಸ್‌ಪ್ರೆಸ್ಸಿನ ಹದಿನೈದು ಬೋಗಿಗಳಷ್ಟು. ತುಂಬಿದರೆ 7,600 ಪ್ರಯಾಣಿಕರು, ಅವರ ಸೇವೆಗೆ 2,350 ಸಿಬ್ಬಂದಿ. ಇದರ ಗಾತ್ರ 2,48,663 ಗ್ರಾಸ್ ಟನ್. ಇದನ್ನು ತೂಕವೆಂದು ತಿಳಿದವರೇ ಹೆಚ್ಚು, ನಾನೂ ಹಾಗೇ ತಿಳಿದಿದ್ದೆ. ಅದು ಹಡಗಿನ ಒಳಗಿನ ಜಾಗದ ಲೆಕ್ಕವಂತೆ.

ಹುಡುಗ ಕೆಲಸ ಮಾಡುವುದು ಇದರಲ್ಲಲ್ಲ, ಇದರ ಅರ್ಧವೂ ಇಲ್ಲದ ಇನ್ನೊಂದರ ಅಡುಗೆಮನೆಯಲ್ಲಿ. ಆದರೂ ದೊಡ್ಡ ಹಡಗಿನ ಮಾತೆತ್ತಿದರೆ ಅವನ ದನಿಯಲ್ಲಿ ಊರಿನ ತೇರಿನ ಬಗ್ಗೆ ಹೇಳುವಾಗಿನ ಹುರುಪು.

ಇದನ್ನು ಕಟ್ಟಿದ್ದು ಫಿನ್‌ಲೆಂಡಿನ ತುರ್ಕು ಊರಿನಲ್ಲಿ, ಮೆಯರ್ ತುರ್ಕು ಎಂಬ ಕಾರ್ಖಾನೆ. ಮೊದಲ ಉಕ್ಕಿನ ತಗಡು ಕತ್ತರಿಸಿದ್ದು 2021ರ ಜೂನ್‌ನಲ್ಲಿ. ಗೋಡೆ ಕಟ್ಟಿದಂತೆ ತಳದಿಂದ ಮೇಲಕ್ಕೆ ವರಸೆ ವರಸೆಯಾಗಿ ಹಡಗು ಏರುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ತಗಡುಗಳನ್ನು ಬೆಸೆದು ಮನೆಯಷ್ಟು ದೊಡ್ಡ ತುಂಡುಗಳನ್ನು ಮಾಡುತ್ತಾರೆ. ಪೈಪು, ವೈರು ಎಲ್ಲ ಆ ತುಂಡಿನೊಳಗೇ ಕೂತಿರುತ್ತವೆ. ಆಮೇಲೆ ಕ್ರೇನಿನಲ್ಲಿ ಎತ್ತಿ, ನೀರಿಲ್ಲದ ಕಟ್ಟೆಯೊಳಗೆ ಇಳಿಸಿ, ಒಂದಕ್ಕೊಂದು ವೆಲ್ಡಿಂಗ್. ಮಲಗುವ ಕೋಣೆಗಳು ತಯಾರಾಗುವುದು ಬೇರೆ ಕಡೆ. ಬಚ್ಚಲು, ನಲ್ಲಿ, ಕನ್ನಡಿ ಎಲ್ಲ ಸಿದ್ಧವಾಗಿ ಬಂದು, ಬೀರುವಿಗೆ ಡ್ರಾಯರ್ ತಳ್ಳಿದ ಹಾಗೆ ಒಳಗೆ ಸರಿಯುತ್ತವೆ. ಮುಂಭಾಗದ ಗಾಜಿನ ಗುಮ್ಮಟವೊಂದೇ 360 ಟನ್ನಿನಷ್ಟು. ಅದನ್ನೂ ನೆಲದ ಮೇಲೆ ಪೂರ್ತಿ ಕಟ್ಟಿ, ಒಂದೇ ಸಲಕ್ಕೆ ಎತ್ತಿ ಕೂರಿಸಿದರು.

ನಾವು ಕೂತಿದ್ದ ಜಾಗದ ಕಸುಬೂ ಸುಮಾರು ಹೀಗೇ ಇತ್ತು. ಗುಡ್ಡದ ಬೆನ್ನಿಗುಂಟ ಹಾದ ಕರಿಗಲ್ಲಿನ ಪಟ್ಟಿಯಿಂದ ಕಲ್ಲು ಎಬ್ಬಿಸುವುದು ಒಂದು ಕಡೆ, ಚಕ್ಕೆ ಹಾರಿಸಿ ಕೊಡಲಿಯ ಆಕಾರಕ್ಕೆ ತರುವುದು ಒಂದು ಕಡೆ, ಉಜ್ಜಿ ಹರಿತ ಮಾಡುವುದು ಮತ್ತೊಂದು ಕಡೆ. ಮೂರೂವರೆ ಸಾವಿರ ವರ್ಷಗಳಿಗೂ ಹಿಂದಿನ ಈ ಕಾರ್ಖಾನೆಯ ಚಕ್ಕೆಗಳು ಇವತ್ತಿಗೂ ಚಪ್ಪಲಿಯಡಿ ಕರಕರ ಅನ್ನುತ್ತವೆ. ಈ ಸೀಮೆಯ ಇಂಥ ನೆಲೆಗಳನ್ನು ಹತ್ತೊಂಬತ್ತನೇ ಶತಮಾನದಲ್ಲೇ ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ ಹೆಸರಿನಲ್ಲಿ ಬಳ್ಳಾರಿಯಲ್ಲೊಂದು ಮ್ಯೂಸಿಯಂ ಇದೆ. ಊರಿನವರಿಗಿಂತ ಹೊರಗಿನವರೇ ಅದನ್ನು ಹುಡುಕಿಕೊಂಡು ಬರುತ್ತಾರೇನೋ ಎಂಬ ಅನುಮಾನ ನನ್ನದು.

ಹಡಗು ಕಟ್ಟುವವರಿಗೂ ಶಾಸ್ತ್ರ ಉಂಟು. ಮೊದಲ ತುಂಡು ಕಟ್ಟೆಗೆ ಇಳಿಯುವಾಗ ಅದರಡಿ ನಾಣ್ಯ ಇಡುತ್ತಾರೆ. ಪಾಯಕ್ಕೆ ನವಧಾನ್ಯದ ಜೊತೆ ಚಿಲ್ಲರೆ ಹಾಕಿದ ನಮ್ಮಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

2022ರ ಡಿಸೆಂಬರಿನಲ್ಲಿ ಕಟ್ಟೆಗೆ ನೀರು ಬಿಟ್ಟರು, ಹಡಗು ಎದ್ದು ತೇಲಿತು. 2024ರ ಜನವರಿ 27ಕ್ಕೆ ಮಯಾಮಿಯಿಂದ ಮೊದಲ ಯಾನ. ಓಡುವುದು ದ್ರವರೂಪದ ನೈಸರ್ಗಿಕ ಅನಿಲದಿಂದ, ಆರು ಎಂಜಿನ್. ಬಳಸುವ ಸಿಹಿನೀರಿನ ಬಹುಪಾಲನ್ನು ಸಮುದ್ರದ ನೀರಿನಿಂದ ತಾನೇ ಮಾಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ನಲ್ಲಿ ಮುಂದೆ ಕೊಡ ಸಾಲಿಗಿಟ್ಟು ಕಾಯುವ ನನಗೆ ಈಜುಕೊಳಗಳಿಗಿಂತ ಇದೇ ದೊಡ್ಡದೆನಿಸಿತು.

"ಇಷ್ಟು ಎತ್ತರ ಇದೆಯಲ್ಲೋ, ಮಗುಚಲ್ವಾ?"

"ಹೊಳ್ಯಾಗ ಹರಿಗೋಲು ಹತ್ತಿಲ್ಲೇನು ಮಾಮ? ಅದೇ ಲೆಕ್ಕ."

ತಮಾಷೆ ಮಾಡುತ್ತಿದ್ದಾನೆ ಅನಿಸಿತು. ಆಮೇಲೆ ಯೋಚಿಸಿದರೆ ಸರಿಯೇ. ತುಂಗಭದ್ರೆಯ ಹರಿಗೋಲು ನೀರಿನಲ್ಲಿ ಮುಳುಗುವುದು ಗೇಣಿನಷ್ಟು, ಹರಡಿಕೊಳ್ಳುವುದು ಮಾರುದ್ದ. ಈ ಹಡಗೂ ನೀರೊಳಗೆ ಇಳಿದಿರುವುದು ಒಂಬತ್ತು ಮೀಟರಿನ ಆಸುಪಾಸು ಮಾತ್ರ. ನೀರಿನ ಮಟ್ಟದಲ್ಲಿ ಅಗಲ 48 ಮೀಟರಿಗೂ ಹೆಚ್ಚು. ಎಂಜಿನ್ನು, ಇಂಧನ, ನೀರಿನ ಟ್ಯಾಂಕು, ಭಾರವಾದದ್ದೆಲ್ಲ ತಳದಲ್ಲಿ. ಹೊಳೆಯ ನಡುವೆ ಯಾರಾದರೂ ಎದ್ದು ನಿಂತರೆ ಅಂಬಿಗ "ಏ, ಕುಂದ್ರೋ" ಅಂತ ಗದರುತ್ತಾನಲ್ಲ, ತುರ್ಕುವಿನ ಎಂಜಿನಿಯರುಗಳು ಕಂಪ್ಯೂಟರಿನಲ್ಲಿ ಮಾಡಿದ್ದೂ ಆ ಗದರಿಕೆಯನ್ನೇ. 1520ರ ಸುಮಾರಿಗೆ ಆನೆಗೊಂದಿಯ ಕಡೆ ಹೊಳೆ ದಾಟಿಸುತ್ತಿದ್ದ ಈ ಬುಟ್ಟಿದೋಣಿಗಳನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿಟ್ಟಿದ್ದಾನೆ: ಹೊರಗೆ ಚರ್ಮದ ಹೊದಿಕೆ, ಹದಿನೈದಿಪ್ಪತ್ತು ಜನ, ನೆಟ್ಟಗೆ ಹೋಗದೆ ತಿರುಗುತ್ತಲೇ ಸಾಗುವ ನಡೆ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಡಾಂಬರು.

ಬಿಸಿಲು ಏರಿತು. ಹುಡುಗ ಬಾಟಲಿ ಎತ್ತಿಕೊಂಡ. ಮುಂದಿನ ತಿಂಗಳು ಮತ್ತೆ ಎಂಟು ತಿಂಗಳ ಕೆಲಸಕ್ಕೆ ಹೊರಡುವವನು.

"ಸಮುದ್ರ ಮಧ್ಯದಲ್ಲಿ ಸೂರ್ಯ ಮುಳುಗೋದು ಹೆಂಗಿರುತ್ತದೋ?"

"ನಮ್ಮ ಕಿಚನ್ನಿಗೆ ಕಿಟಕಿ ಇಲ್ಲ ಮಾಮ," ಅಂದವನು, ಚಕ್ಕೆಗಳ ಮೇಲೆ ಜಾರದಂತೆ ಕಾಲೂರುತ್ತ ಇಳಿಯತೊಡಗಿದ.